ಗಡ್ಡೆ ಪೂರಾ ತೆಗ್ದ್ರೂ ರೇಡಿಯೇಷನ್ ಎಂತಕ್ಕೆ? ಗ್ಲಯೋಬ್ಲಾಸ್ಟೋಮಾ ಬಗ್ಗೆ

ನಮಸ್ಕಾರ ಎಲ್ರಿಗೂ. ಮೊನ್ನೆ ಉಡುಪಿಯ ಒಬ್ರು ಕೇಳಿದ್ರು, "ಮಾವನಿಗೆ ತಲೆ ಆಪರೇಷನ್ ಆಯ್ತು, ಡಾಕ್ಟ್ರು ಗಡ್ಡೆ ಪೂರಾ ತೆಗ್ದಿದ್ದೇವೆ ಅಂದ್ರು, ಮತ್ತೆ ರೇಡಿಯೇಷನ್ ಎಂತಕ್ಕೆ, ದುಡ್ಡು ಮಾಡ್ಲಿಕ್ಕಾ?" ಅಂತ. ಅಲ್ಲ ಮಾರಾಯ್ರೆ. ಆದ್ರೆ ಹಾಗೆ ಅನ್ನಿಸುದ್ರಲ್ಲಿ ತಪ್ಪಿಲ್ಲ, ಯಾರೂ ಕೂತು ಬಿಡಿಸಿ ಹೇಳುದಿಲ್ಲ ನೋಡಿ.

[ಸ್ಕ್ರೀನ್: ಎಂಆರ್‌ಐ ಫಿಲ್ಮ್]

ಆ ಮಾವನಿಗೆ ಇರುದು ಗ್ಲಯೋಬ್ಲಾಸ್ಟೋಮಾ, ಗ್ರೇಡ್ 4, ಅಂದ್ರೆ ಎಲ್ಲಕ್ಕಿಂತ ಜೋರಿನ ಜಾತಿ. ದೊಡ್ಡವರಿಗೆ ಮೆದುಳಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಕಾಣುದು ಇದೇ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡಿದಾಗ ಬೆಳ್ಳಗೆ ಉಂಗುರದ ಹಾಗೆ ಕಾಣ್ತದಲ್ಲ, ಸರ್ಜನ್ ತೆಗೆಯುದು ಅದನ್ನು. ಆಪರೇಷನ್ ಆಗಿ ಎರಡ್ಮೂರು ದಿನದೊಳಗೆ ಮತ್ತೆ ಎಂಆರ್‌ಐ ಮಾಡಿ ಆ ಬಿಳಿ ಉಳಿದಿಲ್ಲ ಅಂದ್ರೆ ಪೂರಾ ತೆಗ್ದಾಯ್ತು ಅಂತ ಲೆಕ್ಕ. ಆದ್ರೆ ಅಷ್ಟರಲ್ಲಿ ಕ್ಯಾನ್ಸರ್ ಕಣಗಳು ಅದರಾಚೆ ಒಳ್ಳೆ ಮೆದುಳಿನೊಳಗೆ ನುಗ್ಗಿ ಆಗಿರ್ತದೆ. ಅಂಗಳದ ಗರಿಕೆ ಕಿತ್ತ ಹಾಗೆ, ಮೇಲಿಂದ ಕ್ಲೀನ್, ಒಂದು ಮಳೆ ಬಂದ್ರೆ ಎಲ್ಲಿಂದ್ಲೋ ಚಿಗುರ್ತದೆ.

ಹಾಗಾದ್ರೆ ಸುತ್ತ ಇನ್ನಷ್ಟು ತೆಗ್ದುಬಿಡ್ಲಿ ಅಂತೀರಾ? ಅದನ್ನೂ ಮಾಡಿ ನೋಡಿದ್ದಾರೆ. ಅಮೆರಿಕದ ವಾಲ್ಟರ್ ಡ್ಯಾಂಡಿ ಅನ್ನುವ ಸರ್ಜನ್ 1928ರಲ್ಲೇ ಬಲಗಡೆಯ ಅರ್ಧ ಮೆದುಳು ತೆಗ್ದ ಕೇಸುಗಳ ಬಗ್ಗೆ ಬರ್ದಿದ್ದಾರೆ, ಅರ್ಧ ಮೆದುಳು ಮಾರಾಯ್ರೆ! ಅಷ್ಟು ಮಾಡಿದ್ರೂ ಕಾಯಿಲೆ ಬಿಡ್ಲಿಲ್ಲ. ಹೀಗೆ ಕತ್ತರಿಗೆ ಸಿಗದೆ ಉಳಿದ ಕಣಗಳಿಗೇ ರೇಡಿಯೇಷನ್ ಕೊಡುದು.

ಹಾಗಂತ ಆಪರೇಷನ್ ದಂಡ ಅಲ್ಲ, ಮಾತು ಕೈಕಾಲು ಉಳಿಸ್ಕೊಂಡು ಎಷ್ಟು ಜಾಸ್ತಿ ತೆಗೀಲಿಕ್ಕೆ ಆಗ್ತದೋ ಅಷ್ಟು ಒಳ್ಳೆದು. 5-ಎಎಲ್‌ಎ ಅಂತ ಒಂದು ಔಷಧಿ ಉಂಟು, ಆಪರೇಷನ್ ಮೊದ್ಲು ನೀರಲ್ಲಿ ಕರಗಿಸಿ ಕುಡಿಸುದು, ಮೈಕ್ರೋಸ್ಕೋಪಲ್ಲಿ ನೀಲಿ ಲೈಟ್ ಹಾಕಿದ್ರೆ ಗಡ್ಡೆ ಗುಲಾಬಿ ಹೊಳೀತದೆ. 2006ರ ಜರ್ಮನಿಯ ಟ್ರಯಲಲ್ಲಿ ಮಾಮೂಲು ಲೈಟಲ್ಲಿ ನೂರಕ್ಕೆ 36 ಜನರಿಗೆ ಪೂರಾ ತೆಗೀಲಿಕ್ಕಾದ್ರೆ ಇದರಲ್ಲಿ 65 ಜನರಿಗೆ ಆಯ್ತು.

ಇನ್ನೊಂದು, ಎಚ್ಚರ ಇಟ್ಟೇ ಮಾಡುವ ಆಪರೇಷನ್. ಹೆದರ್ಬೇಡಿ, ಚರ್ಮ ಮರಗಟ್ಟಿಸಿರ್ತಾರೆ, ಮೆದುಳಿಗೆ ನೋವೇ ಗೊತ್ತಾಗುದಿಲ್ಲ. ಗಡ್ಡೆ ಮಾತಿನ ಜಾಗದ ಹತ್ರ ಇದ್ರೆ ಚಿತ್ರ ತೋರಿಸಿ ಮಾತಾಡಿಸ್ತಾರೆ. ಬೆಕ್ಕಿನ ಚಿತ್ರ ನೋಡಿ ರೋಗಿ "ಪುಚ್ಚೆ" ಅಂತಾರೆ, ಸರ್ಜನ್ ಒಂದು ಜಾಗಕ್ಕೆ ಸಣ್ಣ ಕರೆಂಟ್ ಮುಟ್ಟಿಸಿದ ಕೂಡ್ಲೇ "ಪು... ಪು..." ಅಂತ ನಿಂತ್ರೆ ಆ ಜಾಗ ಮುಟ್ಲಿಕ್ಕಿಲ್ಲ. ನಮ್ಮ ಮಂಗಳೂರಲ್ಲಿ ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಚರ್ಚಲ್ಲಿ ಕೊಂಕಣಿ ಅಲ್ವಾ, ಹಾಗಾಗಿ ರೋಗಿ ಯಾವ್ಯಾವ ಭಾಷೆ ಮಾತಾಡ್ತಾರೆ ಅಂತ ಟೀಮಿಗೆ ಮೊದ್ಲೇ ಹೇಳಿ, ಎಲ್ಲದರದ್ದೂ ಜಾಗ ಒಂದೇ ಇರ್ಬೇಕಂತ ಇಲ್ಲ.

[ಸ್ಕ್ರೀನ್: 12.1 / 14.6]

ಈಗ ಎಲ್ರೂ ಗೂಗಲಲ್ಲಿ ಹುಡುಕಿ ನಿದ್ದೆ ಬಿಡುವ ನಂಬರ್. 2005ರಲ್ಲಿ ರೋಜರ್ ಸ್ಟುಪ್ ಅನ್ನುವ ಕ್ಯಾನ್ಸರ್ ಡಾಕ್ಟ್ರ ಟೀಮಿನ ಟ್ರಯಲ್ ಬಂತು. ರೇಡಿಯೇಷನ್ ಮಾತ್ರ ಆದವರು ಬದುಕಿದ್ದು ಮೀಡಿಯನ್ 12.1 ತಿಂಗಳು, ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ ಸೇರಿಸಿದ್ರೆ 14.6. ಎರಡೂವರೆ ತಿಂಗಳಿಗೆ ಇಷ್ಟೆಲ್ಲಾ ಒದ್ದಾಟವಾ ಅನ್ನಿಸ್ತದೆ, ನನಗೂ ಅನ್ನಿಸಿತ್ತು. ಆದ್ರೆ ಮೀಡಿಯನ್ ಅಂದ್ರೆ ಅರ್ಧ ಜನ ಅದನ್ನು ದಾಟಿದವರು, ಅದು ನಿಮ್ಮ ಮಾವನ ಡೇಟ್ ಅಲ್ಲ. ಎರಡು ವರ್ಷ ದಾಟಿದವರು ನೂರಕ್ಕೆ 10.4ರಿಂದ 26.5ಕ್ಕೆ ಹೋದ್ರು, ಐದು ವರ್ಷ ದಾಟಿದವರು 1.9ರಿಂದ 9.8ಕ್ಕೆ. ಕಮ್ಮಿಯೇ, ಸುಳ್ಳು ಹೇಳುದಿಲ್ಲ.

ಯಾರಿಗೆ ಮಾತ್ರೆ ಜಾಸ್ತಿ ಹಿಡೀತದೆ ಅಂತ ತಿಳೀಲಿಕ್ಕೆ ಎಂಜಿಎಂಟಿ ಅನ್ನುವ ಜೀನಿನ ಟೆಸ್ಟ್ ಉಂಟು, ತೆಗ್ದ ಗಡ್ಡೆಯ ತುಂಡಲ್ಲೇ ಮಾಡುದು, ಮಿಥೈಲೇಟೆಡ್, ಅಂದ್ರೆ ಆ ಜೀನ್ ಆಫ್ ಆಗಿದೆ, ಅಂತ ಬಂದ್ರೆ ಒಳ್ಳೆ ಸುದ್ದಿ. ರಿಪೋರ್ಟಲ್ಲಿ ಇಲ್ಲದಿದ್ರೆ ಕೇಳಿ.

ರೇಡಿಯೇಷನ್ ಸಾಮಾನ್ಯ 30 ಸಿಟ್ಟಿಂಗ್, ವಾರಕ್ಕೆ ಐದು. ಬೈಂದೂರಿಂದ ಮಣಿಪಾಲಕ್ಕೆ ಆರು ವಾರ ಬಸ್ಸಲ್ಲಿ ಓಡಾಡುದು ವಯಸ್ಸಾದವರಿಗೆ ದೊಡ್ಡ ಶಿಕ್ಷೆ. 65 ದಾಟಿದವರಿಗೆ 15 ಸಿಟ್ಟಿಂಗಿನ ಶಾರ್ಟ್ ಕೋರ್ಸ್ ಕೂಡ ಉಂಟು, ಮಾವನಿಗೆ ಅದು ಆಗ್ತದಾ ಅಂತ ಮೊದಲ ದಿನವೇ ಕೇಳಿ, ಕೇಳ್ಲಿಕ್ಕೆ ಎಂತ ಸಂಕೋಚ.