ನಾವು ಇತ್ತ ಕ್ಷೇಮ: ಅಮೆರಿಕದ ಪಶ್ಚಿಮಕ್ಕೆ ಹೋದವರ ಕಾಗದಗಳು

ಎಲ್ಲರಿಗೂ ನಮಸ್ಕಾರ.

ಒಂದು ಫೋಟೋದಿಂದ ಶುರು ಮಾಡುತ್ತೇನೆ. 1880ರ ದಶಕ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿ. ಬಯಲಿನಲ್ಲಿ ಹಿಲ್ಟನ್ ಎಂಬ ಕುಟುಂಬ ನಿಂತಿದೆ. ಅವರ ನಡುವೆ, ಬರೀ ನೆಲದ ಮೇಲೆ, ಒಂದು ಆರ್ಗನ್ ಇದೆ. ಕಾಲಲ್ಲಿ ತುಳಿದು ಗಾಳಿ ತುಂಬಿ ನುಡಿಸುವಂಥದ್ದು. ನಮ್ಮ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ ಇತ್ತಲ್ಲ, ಅದೇ ಜಾತಿಯದು. ಚಿತ್ರ ತೆಗೆದವರು ಸಾಲಮನ್ ಬುಚರ್ ಎಂಬ ಫೋಟೋಗ್ರಾಫರ್.

ಆರ್ಗನ್ ಹೊರಗೆ ಯಾಕೆ ಬಂತು? ಆ ಮನೆಯ ಹೆಂಗಸಿಗೆ ಪೂರ್ವದಲ್ಲಿದ್ದ ತನ್ನವರಿಗೆ ಅದನ್ನು ತೋರಿಸಬೇಕಿತ್ತು. ಆದರೆ ಮನೆ ತೋರಿಸಲು ಮನಸ್ಸಿರಲಿಲ್ಲ. ಅದು ಹುಲ್ಲಿನ ಬೇರು ಸಮೇತ ನೆಲವನ್ನು ಇಟ್ಟಿಗೆಯಂತೆ ಕೊಯ್ದು ಕಟ್ಟಿದ ಮನೆ. ಆ ಬಯಲಿನಲ್ಲಿ ಮರ ಸಿಗುವುದು ಅಪರೂಪ, ಹಾಗಾಗಿ ಹೆಂಟೆಯೇ ಗೋಡೆ. ಅದಕ್ಕೇ ಆ ಭಾರದ ಆರ್ಗನ್ನನ್ನು ಅಂಗಳಕ್ಕೆ ಹೊತ್ತು ತಂದು ಫೋಟೋ ತೆಗೆಸಿಕೊಂಡರು.

ಈ ಚಿತ್ರ ನೋಡಿದಾಗಲೆಲ್ಲ ನನಗೆ ನಮ್ಮ ಹಳೆಯ ಕಾಗದಗಳ ಮೊದಲ ಸಾಲು ನೆನಪಾಗುತ್ತದೆ. 'ನಾವು ಇತ್ತ ಕ್ಷೇಮ.' ಮನೆಯಲ್ಲಿ ಏನೇ ನಡೆದಿರಲಿ, ಆ ಸಾಲು ಬರೆದ ಮೇಲೇ ಮುಂದಿನ ಮಾತು, ಅಲ್ವಾ? ದೂರ ಹೋದವರು ಊರಿಗೆ ಸುದ್ದಿ ಕಳಿಸುತ್ತಾರೆ. ಊರಿನವರು ಏನು ನೋಡದಿದ್ದರೆ ಒಳ್ಳೆಯದು ಅಂತಲೂ ಅವರೇ ತೀರ್ಮಾನಿಸುತ್ತಾರೆ.

ಈಗ ಐವತ್ತು ವರ್ಷ ಹಿಂದಕ್ಕೆ ಹೋಗೋಣ. 1836ರಲ್ಲಿ ನಾರ್ಸಿಸಾ ವಿಟ್ಮನ್ ಎಂಬ ಯುವತಿ ನ್ಯೂಯಾರ್ಕ್ ರಾಜ್ಯದ ತವರು ಬಿಟ್ಟು ಮಿಷನರಿ ಗಂಡನ ಜೊತೆ ಒರೆಗಾನ್ ಸೀಮೆಗೆ ಹೊರಟರು. ಆಗಷ್ಟೇ ಮದುವೆಯಾಗಿತ್ತು. ರಾಕಿ ಬೆಟ್ಟಗಳನ್ನು ನೆಲದ ದಾರಿಯಲ್ಲಿ ದಾಟಿದ ಮೊದಲ ಇಬ್ಬರು ಬಿಳಿಯ ಹೆಂಗಸರಲ್ಲಿ ಅವರೊಬ್ಬರು. ವಾಲಾ ವಾಲಾ ಬಳಿ, ಕಯೂಸ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ ನೆಲೆ ನಿಂತರು. ಅಲ್ಲಿ ಅಂಚೆ ಕಚೇರಿ ಇರಲಿಲ್ಲ. ತುಪ್ಪಳ ವ್ಯಾಪಾರಿಗಳು ಪೂರ್ವದ ಕಡೆ ಹೊರಟರೆ ಅವರ ಕೈಯಲ್ಲಿ ಕಾಗದ ಕೊಡಬೇಕು. ಇಲ್ಲವೇ ಹಡಗಿನಲ್ಲಿ ಹವಾಯಿ ದ್ವೀಪ ಮುಟ್ಟಿ, ದಕ್ಷಿಣ ಅಮೆರಿಕದ ತುದಿ ಸುತ್ತಿ ಹೋಗಬೇಕು. ತವರಿನ ಮೊದಲ ಕಾಗದ ಅವರ ಕೈ ಸೇರುವಾಗ ಮನೆ ಬಿಟ್ಟು ಎರಡು ವರ್ಷ ಕಳೆದಿತ್ತು.

1837ರ ಮಾರ್ಚ್‌ನಲ್ಲಿ ಅವರಿಗೆ ಅಲಿಸ್ ಎಂಬ ಮಗಳು ಹುಟ್ಟಿದಳು. 1839ರ ಜೂನ್‌ನಲ್ಲಿ ಆ ಮಗು ಮನೆಯ ಪಕ್ಕದ ಹೊಳೆಯಲ್ಲಿ ಮುಳುಗಿ ಸತ್ತಿತು. ಸುಮ್ನೆ ಲೆಕ್ಕ ಹಾಕಿ. ಮಗು ಹುಟ್ಟಿದ ಸುದ್ದಿ ಅಜ್ಜಿ ತಾತನಿಗೆ ಮುಟ್ಟಿ, ಅವರ ಹಾರೈಕೆ ತಿರುಗಿ ಬರಲು ಎಷ್ಟು ಕಾಲ ಬೇಕೋ, ಹೆಚ್ಚುಕಡಿಮೆ ಅಷ್ಟೇ ಕಾಲ ಆ ಮಗು ಬದುಕಿತ್ತು. ಈ ಲೆಕ್ಕ ನನ್ನನ್ನು ತುಂಬ ದಿನ ಕಾಡಿದೆ. ಆದರೂ ನಾರ್ಸಿಸಾ ಬರೆಯುವುದು ಬಿಡಲಿಲ್ಲ. 1847ರಲ್ಲಿ ದಡಾರ ಬಂದು ಕಯೂಸರು ಸಾಲುಸಾಲಾಗಿ ಸತ್ತರು. ಮಿಷನ್ನಿನವರ ಮೇಲೆ ಅವರಿಗೆ ಅನುಮಾನವೂ ಸಿಟ್ಟೂ ಬೆಳೆಯಿತು. ಆ ವರ್ಷದ ನವೆಂಬರ್‌ನಲ್ಲಿ ನಾರ್ಸಿಸಾ ಮತ್ತು ಗಂಡ ಇಬ್ಬರೂ ಕೊಲೆಯಾದರು.

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಜನ ನುಗ್ಗಿದರು. ಅಂಚೆ ಪನಾಮಾ ದಾರಿಯಲ್ಲಿ ಹಡಗಿನಲ್ಲಿ ಬರತೊಡಗಿತು. ಹಡಗು ಬಂದ ದಿನ ಸ್ಯಾನ್ ಫ್ರಾನ್ಸಿಸ್ಕೋದ ಅಂಚೆ ಕಚೇರಿಯ ಮುಂದೆ ಗಂಟೆಗಟ್ಟಲೆ ಸಾಲು. ಕೆಲವರು ರಾತ್ರಿಯೇ ಬಂದು ನಿಲ್ಲುತ್ತಿದ್ದರು. ಸಾಲಿನ ಜಾಗವನ್ನೇ ದುಡ್ಡಿಗೆ ಮಾರುವವರೂ ಇದ್ದರು. ಅಷ್ಟು ಹೊತ್ತು ನಿಂತು ಕಿಟಕಿ ಮುಟ್ಟಿದ ಮೇಲೆ 'ನಿನಗೇನೂ ಇಲ್ಲ' ಅನ್ನಿಸಿಕೊಂಡವನನ್ನು ನೆನೆದುಕೊಳ್ಳಿ.

ಖರ್ಚೂ ಕಡಿಮೆ ಇರಲಿಲ್ಲ. 1851ರವರೆಗೆ ಪಶ್ಚಿಮ ಕರಾವಳಿಗೆ ಅರ್ಧ ಔನ್ಸಿನ ಒಂದು ಕಾಗದಕ್ಕೆ 40 ಸೆಂಟ್. ಹೆಚ್ಚುಕಡಿಮೆ ಅರ್ಧ ದಿನದ ಕೂಲಿ ಅದು. 1855ಕ್ಕೆ ಮೊದಲು ಕಳಿಸುವವರೇ ದುಡ್ಡು ಕಟ್ಟಬೇಕು ಅನ್ನುವ ಕಡ್ಡಾಯ ಇರಲಿಲ್ಲ. ಎಷ್ಟೋ ಸಲ ಪಡೆಯುವವರೇ ಕೊಡಬೇಕಾಗುತ್ತಿತ್ತು. ಮಗನ ಕಾಗದ ಬಿಡಿಸಿಕೊಳ್ಳಲು ತಾಯಿ ಕಾಸು ಹೊಂದಿಸಬೇಕು. ಇದಕ್ಕೆ ಜನ ಒಂದು ಉಪಾಯ ಕಂಡುಕೊಂಡಿದ್ದರು. ಪತ್ರಿಕೆಗೆ ಅಂಚೆ ದರ ತೀರಾ ಕಡಿಮೆ. ಹಾಗಾಗಿ ಹಳೇ ಪತ್ರಿಕೆಯೊಂದನ್ನು ಕಳಿಸುವುದು. ಅದು ಬಂತು ಅಂದರೆ ಕಳಿಸಿದವನು ಬದುಕಿದ್ದಾನೆ ಅಂತ ಅರ್ಥ. ಕೆಲವರು ಅಚ್ಚಾದ ಅಕ್ಷರಗಳ ಕೆಳಗೆ ಚುಕ್ಕಿ ಇಟ್ಟು ಮಾತು ಕೂಡಿಸುತ್ತಿದ್ದರು. ಕಾನೂನಿಗೆ ವಿರುದ್ಧ, ಆದರೂ ಮಾಡುತ್ತಿದ್ದರು. ಈ ಚುಕ್ಕಿಗಳ ಬಗ್ಗೆ ನನಗೆ ತುಂಬ ಪ್ರೀತಿ.

ಪಶ್ಚಿಮದ ಅಂಚೆ ಅಂದ ಕೂಡಲೇ ಎಲ್ಲರೂ ಪೋನಿ ಎಕ್ಸ್‌ಪ್ರೆಸ್ ಸವಾರರ, ಅಂದರೆ ಕುದುರೆ ಓಡಿಸಿಕೊಂಡು ಅಂಚೆ ಒಯ್ಯುತ್ತಿದ್ದವರ, ಕಥೆ ಹೇಳುತ್ತಾರೆ. ಅದು ನಡೆದದ್ದು 1860ರ ಏಪ್ರಿಲ್‌ನಿಂದ ಒಂದೂವರೆ ವರ್ಷ ಮಾತ್ರ. ಮೊದಲಿಗೆ ಅರ್ಧ ಔನ್ಸಿಗೆ 5 ಡಾಲರ್. ಯಾವ ಗಣಿ ಕೂಲಿ ಅಮ್ಮನಿಗೆ ಅಷ್ಟು ಕೊಟ್ಟು ಬರೆದಾನು? ಕುಟುಂಬಗಳ ಕಡೆಯಿಂದ ನೋಡಿದರೆ ದೊಡ್ಡ ವರ್ಷ 1863. ದೇಶದೊಳಗೆ ಎಷ್ಟೇ ದೂರವಿರಲಿ, ಅರ್ಧ ಔನ್ಸಿಗೆ 3 ಸೆಂಟ್ ಅಂತ ಆ ವರ್ಷ ನಿಗದಿಯಾಯಿತು. ಕುದುರೆಯ ಓಟಕ್ಕಿಂತ ಈ 3 ಸೆಂಟ್ ಹೆಚ್ಚು ಮನೆಗಳನ್ನು ಹತ್ತಿರ ತಂದಿತು ಅಂತ ನಾನು ನಂಬುತ್ತೇನೆ.

ಅದರ ಹಿಂದಿನ ವರ್ಷ ಬಂದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆಯಲ್ಲಿ ಐದು ವರ್ಷ ವಾಸವಿದ್ದು ಉತ್ತರೆ ನೆಲ ನಿಮ್ಮದೇ. 1872ರಲ್ಲಿ ಇಂಡಿಯಾನಾದ ಯೂರಾಯ ಆಬ್ಲಿಂಗರ್ ಎಂಬವರು ಹೆಂಡತಿಯ ಸೋದರರ ಜೊತೆ ನೆಬ್ರಾಸ್ಕಾಕ್ಕೆ ಹೊರಟರು. ಬೇರೆಯವರ ಜಮೀನು ಗುತ್ತಿಗೆಗೆ ಉತ್ತು ಸಾಕಾಗಿತ್ತು. ಹೆಂಡತಿ ಮ್ಯಾಟಿ ಮತ್ತು 'ಎಲ್ಲಾ' ಎಂಬ ಹೆಸರಿನ ಪುಟ್ಟ ಮಗಳು ಊರಲ್ಲೇ ಉಳಿದರು. ಆ ಚಳಿಗಾಲವೆಲ್ಲ ಗಂಡ ಹೆಂಡತಿ ಕಾಗದದಲ್ಲೇ ಸಂಸಾರ ಮಾಡಿದರು. 1873ರ ಏಪ್ರಿಲ್‌ನಲ್ಲಿ ಈಸ್ಟರ್ ಹಬ್ಬದ ಹೊತ್ತಿಗೆ ಭಯಂಕರ ಹಿಮಗಾಳಿ ಬೀಸಿತು. ಯೂರಾಯ ಅದನ್ನೂ ಮುಚ್ಚಿಡದೆ ಹೆಂಡತಿಗೆ ಬರೆದರು. ಮ್ಯಾಟಿ ಹೆದರಿ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಬಂದುಬಿಟ್ಟರು.

ಇಂಥ ಕಾಗದಗಳೇ ಇನ್ನಷ್ಟು ಜನರನ್ನು ಎಳೆದು ತಂದವು. ಇದನ್ನು ಹೇಳದೆ ಮುಂದೆ ಹೋಗಲಾರೆ: ಆ ನೆಲ ಖಾಲಿ ಇರಲಿಲ್ಲ. ಮ್ಯಾಟಿ ಬಂದು ನೆಲೆಸಿದ ವರ್ಷಗಳಲ್ಲೇ ಪಾನೀ ಎಂಬ ಮೂಲನಿವಾಸಿ ಜನ ನೆಬ್ರಾಸ್ಕಾ ಬಿಟ್ಟು ದಕ್ಷಿಣಕ್ಕೆ ಹೋಗಬೇಕಾಯಿತು. ಒಂದು ಮನೆಯವರ ಸಂತೋಷದ ಸುದ್ದಿ ಇನ್ನೊಂದು ಜನಾಂಗ ಊರು ಬಿಟ್ಟ ಸುದ್ದಿಯೂ ಹೌದು.

ಮ್ಯಾಟಿ 1880ರಲ್ಲಿ ಹೆರಿಗೆಯಲ್ಲಿ ತೀರಿಕೊಂಡರು. ಆ ಮನೆತನದ ಸುಮಾರು 3000 ಪುಟಗಳ ಕಾಗದಗಳು ಇವತ್ತು ನೆಬ್ರಾಸ್ಕಾದ ಇತಿಹಾಸ ಸಂಗ್ರಹದಲ್ಲಿವೆ. ಬುಚರ್ ತೆಗೆದ ಆ ಆರ್ಗನ್ನಿನ ಚಿತ್ರವೂ ಅದೇ ಸಂಗ್ರಹದಲ್ಲಿದೆ. ಇಂಡಿಯಾನಾದಲ್ಲಿ ಯಾರೋ ಒಂದೊಂದನ್ನೂ ಎಸೆಯದೆ ಎತ್ತಿಟ್ಟಿದ್ದರಿಂದ ತಾನೇ ಮ್ಯಾಟಿ ಊರಿಗೆ ಬರೆದದ್ದು ನಮಗೆ ಸಿಕ್ಕಿದ್ದು?

ಅದರಲ್ಲಿ 1873ರ ಜೂನ್‌ನ ಒಂದು ಕಾಗದವಿದೆ. ಬಂದು ತಿಂಗಳೂ ಸರಿಯಾಗಿ ಆಗಿರಲಿಲ್ಲ. ಹಿಲ್ಟನ್ ಮನೆಯ ಹೆಂಗಸು ಮರೆಮಾಡಿದ್ದನ್ನೇ ಮ್ಯಾಟಿ ಸಂಭ್ರಮದಿಂದ ಹೇಳುತ್ತಾರೆ. ನಮ್ಮದೇ ಸ್ವಂತ ಮನೆಯಲ್ಲಿದ್ದೇವೆ, ಅದೂ ಹೆಂಟೆಯ ಮನೆ. ಹಲಗೆ ಮನೆಯಷ್ಟು ಅನುಕೂಲ ಇಲ್ಲ. ಆದರೆ ನಾನು ಇಲ್ಲಿಯವರೆಗೆ ಇದ್ದ ಗುಡಿಸಲುಗಳಿಗಿಂತ ಇದೇನೂ ಕಡಿಮೆಯಲ್ಲ.