ಹಾವಿನ ತುತ್ತಿನ ಅಳತೆ

(ಶಿರಸಿಯಲ್ಲಿ ಹಾವು ಸಾಕುವವರ ಎದುರು ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಇವತ್ತಿನ ಮಾತಿಗೆ ಈ ಮಳೆಯೇ ಕಾರಣ. ಜೂನ್ ಹಿಡಿಯಿತೆಂದರೆ ‘ಹಾವು ತಿಂದದ್ದನ್ನು ಕಕ್ಕಿತು’ ಎಂಬ ದೂರು ಶುರುವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಇಲ್ಲಿ ನಾವು ಮಾತಾಡುತ್ತಿರುವುದು ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್ ಬಗ್ಗೆ. ಬಾಲ್ ಪೈಥಾನ್ ಇದ್ದವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಷ್’ ಜಾಲತಾಣದಲ್ಲಿ ನೋಂದಣಿ ಮಾಡಿಸಲೇಬೇಕು.

ಆದರೂ ಪಾಠ ನಮ್ಮ ಹೆಬ್ಬಾವಿನಿಂದಲೇ ಶುರುವಾಗಲಿ. ತೋಟದ ಅಂಚಿನಲ್ಲಿ ಹೆಬ್ಬಾವು ನಾಯಿಯನ್ನೋ ಆಡಿನ ಮರಿಯನ್ನೋ ನುಂಗಿ ಮಲಗಿದ್ದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಸುದ್ದಿ ಹಬ್ಬುತ್ತದೆ, ಕೇರಿಯೆಲ್ಲ ಸೇರುತ್ತದೆ. ಒಬ್ಬ ಕೋಲಿನಿಂದ ತಿವಿಯುತ್ತಾನೆ, ಇನ್ನೊಬ್ಬ ಬಾಲ ಎಳೆಯುತ್ತಾನೆ, ಮೊಬೈಲು ಮುಖದ ಹತ್ತಿರವೇ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹಾವು ಬಾಯಿ ಅಗಲಿಸಿ, ಅಷ್ಟು ಕಷ್ಟಪಟ್ಟು ನುಂಗಿದ್ದನ್ನೆಲ್ಲ ಹೊರಗೆ ದೂಡಿ ಕಾಡಿನತ್ತ ಸರಿಯುತ್ತದೆ. ನೋಡಿದವರು ‘ನುಂಗಲಾಗಲಿಲ್ಲ’ ಎನ್ನುತ್ತಾರೆ. ನುಂಗಿಯಾಗಿತ್ತು. ಅರಗಿಸಿಕೊಳ್ಳಲು ನಾವು ಬಿಡಲಿಲ್ಲ, ಅಷ್ಟೇ. ನುಂಗುವುದೇ ಬೇರೆ, ಅರಗುವುದೇ ಬೇರೆ. ಸಾಕಿದ ಹಾವಿನ ವಿಷಯದಲ್ಲಿ ನಾವು ತಪ್ಪುವುದೂ ಇಲ್ಲೇ.

ಹಾವು ದವಡೆ ಕಳಚಿಕೊಳ್ಳುತ್ತದೆ ಎಂಬುದು ತಪ್ಪು. ಕೆಳದವಡೆಯ ಎಡಬಲದ ಮೂಳೆಗಳು ಮುಂದೆ ಬೆಸೆದುಕೊಂಡಿಲ್ಲ, ಹಿಗ್ಗುವ ನಾರಿನಿಂದ ಸೇರಿಕೊಂಡಿವೆ. ಹಾಗಾಗಿ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಮುಂದಿಡುತ್ತ, ತಲೆಗಿಂತ ಎಷ್ಟೋ ದೊಡ್ಡದನ್ನೂ ಒಳಗೆಳೆಯುತ್ತದೆ. ಅದಕ್ಕೇ ಬಾಯಿ ನೋಡಿ ಅಳೆಯಬೇಡಿ, ನಡು ನೋಡಿ ಅಳೆಯಿರಿ. ಒಂದು ದಾರ ತಗೊಳ್ಳಿ. ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅಲ್ಲಿ ಬಿಗಿಯದೆ ಒಂದು ಸುತ್ತು ತಂದು ಗುರುತು ಹಾಕಿ. ಅದೇ ದಾರವನ್ನು ಇಲಿಯ ಸೊಂಟಕ್ಕೆ ಸುತ್ತಿ. ಎರಡೂ ಸಮವಿದ್ದರೆ ಸರಿ, ಇಲಿ ಕೂದಲೆಳೆಯಷ್ಟು ಹೆಚ್ಚಿದ್ದರೂ ನಡೆದೀತು. ಊಟವಾದ ಮೇಲೆ ಹೊಟ್ಟೆಯಲ್ಲಿ ಸಣ್ಣ ಉಬ್ಬು ಕಾಣಬೇಕು. ಚರ್ಮ ಬಿಗಿದು ಹುರುಪೆಗಳ ನಡುವೆ ಬಿಳಿ ಕಂಡರೆ ತುತ್ತು ದೊಡ್ಡದಾಯಿತು.

ಇನ್ನು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮುಚ್ಚಳದ ಡಬ್ಬಿ ಸಾಕು. ಬೆಳೆಯುವ ಹಾವಿಗೆ ಮೈತೂಕದ ಶೇಕಡಾ 10ರಿಂದ 15, ಬೆಳೆದದ್ದಕ್ಕೆ ಸುಮಾರು 5. ಅಂದರೆ 500 ಗ್ರಾಂ ಬಾಲ್ ಪೈಥಾನಿಗೆ 50 ಗ್ರಾಮಿನ ಇಲಿ, 1500 ಗ್ರಾಮಿನದಕ್ಕೆ 75ರ ಆಸುಪಾಸು, ಅದೂ ಎರಡು-ಮೂರು ವಾರಕ್ಕೊಮ್ಮೆ. ಕಾರ್ನ್ ಸ್ನೇಕಿನ 7-8 ಗ್ರಾಮಿನ ಮರಿಗೆ ರೋಮ ಮೂಡದ ‘ಪಿಂಕಿ’ ಇಲಿಮರಿ ಒಂದು. ಅಲ್ಲಿ ಶೇಕಡಾ ಲೆಕ್ಕ ಸ್ವಲ್ಪ ಮೀರುತ್ತದೆ, ಆದರೆ ಎಲುಬು ಮೆತ್ತಗಿರುವುದರಿಂದ ಬೇಗ ಅರಗುತ್ತದೆ. ಎರಡು ಗಾತ್ರದ ನಡುವೆ ಅನುಮಾನ ಬಂದರೆ ಸಣ್ಣದನ್ನೇ ಕೊಡಿ.

ಈಗ ಮಳೆಗಾಲ. ಬಾಲ್ ಪೈಥಾನಿಗೆ ಪೆಟ್ಟಿಗೆಯ ಬಿಸಿ ಕಡೆಯಲ್ಲಿ 31-32 ಡಿಗ್ರಿ ಬೇಕು. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಇದು ಹೊಸತಲ್ಲ. ಪೆಟ್ಟಿಗೆ ಬಿಸಿ ಮಾಡುವ ಕರೆಂಟಿನ ಹಾಸು, ಅಂದರೆ ಹೀಟ್ ಮ್ಯಾಟ್, ತಣ್ಣಗಾಗುತ್ತದೆ, ಹಾವಿನ ಮೈಯೂ ತಣ್ಣಗಾಗುತ್ತದೆ, ಹೊಟ್ಟೆಯಲ್ಲಿರುವ ಇಲಿ ಅರಗುವ ಮೊದಲೇ ಕೊಳೆಯುತ್ತದೆ. ಹಾವು ಕಕ್ಕುತ್ತದೆ. ಇನ್ವರ್ಟರ್ ಇಲ್ಲದವರು ಜೋರು ಮಳೆಯ ವಾರದಲ್ಲಿ ಊಟ ಮುಂದೂಡಿ. ಮೈ ತುಂಬಿಕೊಂಡ ದೊಡ್ಡ ಹಾವು ಎರಡು ವಾರ ಉಪವಾಸವಿದ್ದರೆ ಬಡವಾಗುವುದಿಲ್ಲ. ತೀರಾ ಕೊಡಲೇಬೇಕಾದರೆ ಎಂದಿನ ಅರ್ಧ ಗಾತ್ರ. ಇಲ್ಲೂ ನಡುವೇ ಮುಖ್ಯ, ಬಾಯಲ್ಲ. ಹಸಿದ ಹಾವು ತಣ್ಣಗಿದ್ದರೂ ಬಾಯಿ ಹಾಕುತ್ತದೆ.

ತೋಟದಲ್ಲಿ ಹಿಡಿದ ಇಲಿ ಬೇಡವೇ ಬೇಡ. ತೆಂಗು, ಅಡಿಕೆಗೆ ಇಟ್ಟ ಇಲಿಪಾಷಾಣ ಅದರ ಹೊಟ್ಟೆಯಲ್ಲಿರಬಹುದು. ಇಲಿಜ್ವರದ ಅಪಾಯ ನಿಮಗೂ ಉಂಟು. ಜೀವಂತ ಇಲಿಯನ್ನೂ ಬಿಡಬೇಡಿ, ಹಾವಿನ ಬೆನ್ನು ಕಚ್ಚಿ ಮೂಳೆ ಕಾಣುವಷ್ಟು ತಿಂದುಬಿಡುತ್ತದೆ. ಫ್ರೀಜರಿನದು ಕೊಡುವುದಾದರೆ ಕವರಿನಲ್ಲೇ ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು, ಕೊಡುವ ಮೊದಲು ಕೈ ತಾಳುವ ಬಿಸಿನೀರಿನಲ್ಲಿ 15 ನಿಮಿಷ. ಹೊಟ್ಟೆ ಒತ್ತಿ ನೋಡಿ. ನಡುವೆ ಗಟ್ಟಿ ಗೆಡ್ಡೆ ಸಿಕ್ಕರೆ ಒಳಗೆ ಇನ್ನೂ ಮಂಜುಗಡ್ಡೆ. ಮೈಕ್ರೋವೇವಿನಲ್ಲಿಟ್ಟರೆ ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಉದ್ದ ಇಕ್ಕಳದಲ್ಲಿ ಹಿಡಿದು ತಲೆ ಮುಂದೆ ಮಾಡಿ ಕೊಡಿ. ಆಮೇಲೆ 48 ಗಂಟೆ ಮುಟ್ಟಬೇಡಿ, ನೆಂಟರಿಗೆ ತೋರಿಸಲೂ ಎತ್ತಬೇಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಪೊರೆ ಬಿಡುವ ಕಾಲದ್ದೂ ಬೊಜ್ಜಿನದೂ ಉಳಿಯಿತು. ಕಕ್ಕಿದರೆ ಮಾಡಬೇಕಾದದ್ದಷ್ಟು ಹೇಳಿ ಇಳಿಯುತ್ತೇನೆ. ಅವತ್ತೇ ಮತ್ತೆ ತಿನ್ನಿಸಬೇಡಿ, ಅನ್ನನಾಳ ಆಮ್ಲಕ್ಕೆ ಸುಟ್ಟಿರುತ್ತದೆ. ನೀರಿಟ್ಟು, ಪೆಟ್ಟಿಗೆ ತೊಳೆದು, ಬಿಸಿ ಸರಿಮಾಡಿ 10ರಿಂದ 14 ದಿನ ಕಾಯಿರಿ. ಆಮೇಲೆ ಅರ್ಧ ಗಾತ್ರದ್ದು. ಎರಡನೇ ಸಲವೂ ಕಕ್ಕಿದರೆ ಹಿಕ್ಕೆಯ ಮಾದರಿ ಹಿಡಿದುಕೊಂಡು ಪಶುವೈದ್ಯರ ಹತ್ತಿರ ಹೋಗಿ. ಹೋಗುವಾಗ ದಾರದ ಅಳತೆ, ತೂಕ, ಊಟದ ತಾರೀಕು ಬರೆದ ಹಾಳೆಯೂ ಜೊತೆಗಿರಲಿ.