ಹುಡುಗಿ “ಪೊಲೀಸ್ ಆಗ್ತೀನಿ” ಅಂದ್ರೆ ಮನೆ ಯಾಕೆ ಸುಮ್ಮನಾಗುತ್ತೆ?

[ಪರದೆ ಮೇಲೆ: ಹಳೆಯ ಕಾಲದ ಪೊಲೀಸ್ ಬ್ಯಾಡ್ಜ್]

1910. ಅಮೆರಿಕದ ಲಾಸ್ ಏಂಜಲೀಸ್. ಆಲಿಸ್ ಸ್ಟೆಬಿನ್ಸ್ ವೆಲ್ಸ್ ಎಂಬಾಕೆ ಪೊಲೀಸ್ ಕೆಲಸಕ್ಕೆ ಸೇರಿದರು. ಆಗ ಅಲ್ಲಿ ಪೊಲೀಸರಿಗೆ ಟ್ರಾಮ್ ಪ್ರಯಾಣ ಪುಕ್ಕಟೆ. ಇವರು ಬ್ಯಾಡ್ಜ್ ತೋರಿಸಿದರೆ ಕಂಡಕ್ಟರ್ ನಂಬಲಿಲ್ಲ. ಗಂಡನ ಬ್ಯಾಡ್ಜ್ ತಂದಿದ್ದೀರಿ ಎಂದು ಆರೋಪ ಬಂತು! ಕೊನೆಗೆ ಇಲಾಖೆ ಇವರಿಗಾಗಿಯೇ ಹೊಸ ಬ್ಯಾಡ್ಜ್ ಮಾಡಿಸಿತು. ಅದರ ಮೇಲೆ ‘ಮಹಿಳಾ ಪೊಲೀಸ್, ನಂಬರ್ 1’.

ನೂರು ವರ್ಷದ ಮೇಲಾಯಿತು. ಕಂಡಕ್ಟರ್ ಮಾತು ಇವತ್ತಿಗೂ ಕೇಳಿಸುತ್ತದೆ, ಬೇರೆಯವರ ಬಾಯಲ್ಲಿ.

[ದೃಶ್ಯ: ಊಟದ ಮೇಜು, ತಲೆ ತಗ್ಗಿಸಿ ಕೂತ ಮನೆಯವರು]

ಹುಡುಗಿ ಪೊಲೀಸ್ ಪರೀಕ್ಷೆ ಬರೆಯುತ್ತೇನೆ ಅಂದಾಗ, ಬೇಡ ಎಂದು ನೇರವಾಗಿ ಹೇಳುವವರು ಕಡಿಮೆ. “ನೈಟ್ ಡ್ಯೂಟಿ ಇರುತ್ತಲ್ವಾ?” “ಟೀಚರ್ ಆದ್ರೆ ಆಗಲ್ವಾ?” “ನಾಳೆ ನಿನ್ನನ್ನ ಯಾರು ಮದುವೆ ಆಗ್ತಾರೆ?” ಎಲ್ಲವೂ ಕಾಳಜಿಯ ಮಾತೇ. ಆದರೆ ನರ್ಸ್‌ಗೂ ನೈಟ್ ಡ್ಯೂಟಿ ಇದೆ. ಅಲ್ಲಿ ಇಷ್ಟು ತಕರಾರು ಬರುವುದಿಲ್ಲ. ನರ್ಸ್ ಆರೈಕೆ ಮಾಡುತ್ತಾಳೆ. ಪೊಲೀಸ್ ಆದವಳು ಗಂಡಸನ್ನು ತಡೆದು ನಿಲ್ಲಿಸುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಬೇಕಾದರೆ ಒಳಗೂ ಹಾಕುತ್ತಾಳೆ. ನನಗನಿಸುವ ಹಾಗೆ, ಕಸಿವಿಸಿ ಶುರುವಾಗುವುದೇ ಇಲ್ಲಿ.

ಆಮೇಲೆ ನಡತೆಯ ಪ್ರಶ್ನೆ. ಗಂಡಸರ ಜೊತೆ ಜೀಪಿನಲ್ಲಿ ಓಡಾಡುತ್ತಾಳೆ, ಕಳ್ಳಕಾಕರ ನಡುವೆ ಕೂರುತ್ತಾಳೆ ಅನ್ನುತ್ತಾರೆ. ಅದೇ ಜೀಪು, ಅದೇ ಕಳ್ಳರು ಗಂಡಸಿಗೆ ಶೌರ್ಯದ ಕಥೆ ಆಗುತ್ತಾರೆ. ಅವಳು ಮೆತ್ತಗೆ ಮಾತಾಡಿದರೆ “ಇವಳು ಯಾವ ಸೀಮೆ ಪೊಲೀಸು?” ಗದರಿದರೆ “ಗಂಡುಬೀರಿ”. ಎತ್ತ ಹೋದರೂ ತಪ್ಪೇ.

“ಮೈಯಲ್ಲಿ ಅಷ್ಟು ಶಕ್ತಿ ಬೇಡ್ವಾ?” ಅನ್ನುವವರಿಗೆ 1970ರ ದಶಕದ ಒಂದು ಅಧ್ಯಯನ ಇದೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಹೊಸದಾಗಿ ಸೇರಿದ 86 ಹೆಂಗಸರ ಗಸ್ತು ಕೆಲಸವನ್ನು 86 ಗಂಡಸರ ಕೆಲಸದ ಜೊತೆ ಹೋಲಿಸಿ ನೋಡಿದರು. ಹೆಂಗಸರು ಮಾಡಿದ ಬಂಧನ ಕಡಿಮೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಒಟ್ಟು ಕೆಲಸದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಸಿಗಲಿಲ್ಲ.

ಹಾಗಂತ ಭಯವೆಲ್ಲ ಸುಳ್ಳು ಅನ್ನಲಾರೆ. ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ ಮಹಿಳೆಯರ ಮೇಲಿನ ಅಪರಾಧಗಳ ವಿಭಾಗ ನೋಡಿಕೊಳ್ಳುತ್ತಿದ್ದ ಪೊಲೀಸ್ ಅಧಿಕಾರಿ ಮಲಲೈ ಕಾಕರ್ ಅವರನ್ನು 2008ರಲ್ಲಿ ತಾಲಿಬಾನ್ ಗುಂಡಿಟ್ಟು ಕೊಂದಿತು. ಅಂಥ ಕಡೆ ಮನೆಯವರ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

[ದೃಶ್ಯ: ರಾತ್ರಿ ಗಸ್ತು ತಿರುಗುವ ಮಹಿಳಾ ತುಕಡಿ]

ಇನ್ನೊಂದು ಕಥೆ ಆಫ್ರಿಕಾದ ಲೈಬೀರಿಯಾ ದೇಶದ್ದು. 2007ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಭಾರತದಿಂದ ಬರೀ ಹೆಂಗಸರ ಪೊಲೀಸ್ ತುಕಡಿ ಅಲ್ಲಿಗೆ ಹೋಯಿತು. ನೂರಕ್ಕೂ ಹೆಚ್ಚು ಜನ. ಕೈಯಲ್ಲಿ ಬಂದೂಕು, ರಾತ್ರಿ ಗಸ್ತು. 2016ರ ತನಕ ಅಲ್ಲಿನ ಹುಡುಗಿಯರು ಇವರನ್ನು ಬೀದಿಯಲ್ಲಿ ಕಣ್ಣಾರೆ ನೋಡಿದರು. ಆ ವರ್ಷಗಳಲ್ಲಿ ಲೈಬೀರಿಯಾ ಪೊಲೀಸ್‌ನಲ್ಲಿ ಹೆಂಗಸರ ಪಾಲು ಏರಿತು.

ನೀವು ಸೇರುವ ಯೋಚನೆಯಲ್ಲಿದ್ದರೆ, ಈಗಾಗಲೇ ಆ ಕೆಲಸದಲ್ಲಿರುವ ಒಬ್ಬ ಮಹಿಳೆಯನ್ನು ಹುಡುಕಿ ಮಾತಾಡಿಸಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನೈಟ್ ಡ್ಯೂಟಿ ಬಗ್ಗೆ ಅವರೇ ಕೇಳಲಿ.